ಹಳೇ ಮನೆ ಸುತ್ತ ಲಾನ್ ಕಿತ್ತು ಊರಿನ ಗಿಡಾನೇ ಬೆಳೆಸಿದ್ದು

ಸಾಗರದ ಹತ್ರ ನಮ್ಮ ಅಜ್ಜಯ್ಯ ಕಟ್ಟಿಸಿದ ಮನೆ, ಮಣ್ಣಿನ ಗೋಡೆ, ಹೆಂಚಿನ ಮಾಡು, ಜಗುಲೀಲಿ ಕೆತ್ತನೆ ಇರೋ ಮರದ ಕಂಬ. ರಿಪೇರಿ ಮಾಡ್ಸಿದಾಗ ಯಾರೋ ಹೇಳಿದ್ರು ಅಂತ ಸುತ್ತ ಲಾನ್ ಹಾಕ್ಸಿ ಕ್ರೋಟನ್ ಸಾಲು ನೆಟ್ವಿ. ಬೇಸಿಗೇಲಿ ಬಾವಿ ನೀರೆಲ್ಲ ಅದಕ್ಕೇ ಸುರೀಬೇಕು, ಮಳೆಗಾಲದಲ್ಲಿ ಅದೇ ಕೊಳೆತು ಪಾಚಿ ಕಟ್ಟೋದು. ಎರಡು ವರ್ಷ ನೋಡಿ ಕಿತ್ತು ಹಾಕ್ದೆ.

ಆಮೇಲೆ ಒಂದು ಮಳೆಗಾಲ ಪೂರ್ತಿ ಏನೂ ನೆಡ್ಲಿಲ್ಲ, ಜಗುಲಿ ಮೇಲೆ ಕೂತು ನೀರು ಎಲ್ಲಿ ಹರಿಯತ್ತೆ ಎಲ್ಲಿ ನಿಲ್ಲತ್ತೆ ಅಂತ ನೋಡಿದ್ದಷ್ಟೆ. ತಾನಾಗೇ ಎದ್ದ ನೆಕ್ಕರಿಕ, ಕೇಪಳ ಉಳಿಸ್ಕೊಂಡೆ, ಲಂಟಾನ, ಯುಪಟೋರಿಯಂನಂಥ ಹೊರದೇಶದ ಕಳೆ ಮಾತ್ರ ಮಣ್ಣು ಹಸಿ ಇದ್ದಾಗ್ಲೇ ಬೇರು ಸಮೇತ ಕಿತ್ತೆ. ನೀರು ನಿಲ್ಲೋ ಕಡೆ ಒಂದೆಲಗ ಹಬ್ಬಿದೆ, ತಂಬುಳಿಗೆ ಚಿಂತೆ ಇಲ್ಲ. ಮನೆಯಿಂದ ದೂರದಲ್ಲಿ ರಂಜ, ಮುರುಗಲು, ಸುರಗಿ ಮರ ಹಾಕಿದೀನಿ. ಸುರಗಿ ಬೆಳೆಯೋ ಸ್ಪೀಡ್ ನೋಡಿದ್ರೆ ಅದರ ಹೂ ಮೂಸೋದು ನನ್ ಮೊಮ್ಮಕ್ಕಳೇ ಇರ್ಬೇಕು. ಗಾಳಿಗೆ ಮುರಿದು ಬಿದ್ದ ಕೊಂಬೇಲಿದ್ದ ಸೀತಾಳೆ ದಂಡೆ (ಮರದ ಮೇಲೆ ಬೆಳೆಯೋ ಆರ್ಕಿಡ್) ತಂದು ಮಾವಿನ ಮರಕ್ಕೆ ಬಾಳೆನಾರಲ್ಲಿ ಕಟ್ಟಿದ್ದೆ, ಬೇರು ಕಚ್ಕೊಂಡಿದೆ.

ಒಂದು ಕಡೆ ಸರಿಯಾಗಿ ಎಡವಿದೆ. ಚೆಂದ ಕಾಣತ್ತೆ ಅಂತ ಕೇಪಳಾನ ಜಗುಲಿಗೆ ಒತ್ತಿ ನೆಟ್ಟಿದ್ದೆ, ಗೋಡೆ ಒಣಗೋಕೇ ಬಿಡ್ಲಿಲ್ಲ, ಶೀತ ಏರಿ ಒಂದು ಕಂಬದ ಬುಡಕ್ಕೆ ಗೆದ್ದಲು ಹತ್ತಿತ್ತು. ಈಗ ಗೋಡೆಯಿಂದ 3 ಅಡಿ ಖಾಲಿ ಬಿಟ್ಟೇ ಗಿಡ, ಸೂರಿನ ನೀರು ಬೀಳೋ ಸಾಲಿಗೆ ಜಂಬಿಟ್ಟಿಗೆ ಚೂರು ಹಾಕಿದೀನಿ.

ಬೇಲಿಗೆ ಈಶ್ವರಬೇರಿನ ಬಳ್ಳಿ ಹಬ್ಸಿದ್ದು ಮಾತ್ರ ದೊಡ್ಡ ರಗಳೆ. ಒಂದಿನ ಅಮ್ಮ ಕೂಗಿದ್ರು, "ನಿನ್ ಬಳ್ಳಿ ಪೂರಾ ಹುಳ ತಿಂದು ಹಾಕ್ತು ಕಣೋ!" ಹೋಗಿ ನೋಡಿದ್ರೆ ಹೆಬ್ಬೆರಳು ದಪ್ಪದ ಹುಳ, ಮೈತುಂಬ ಮುಳ್ಳಿನಂಥ ಗುಬುಟು, ನಡುವಿಗೊಂದು ಮಾಸಲು ಬಿಳಿ ಪಟ್ಟಿ. ಸದರ್ನ್ ಬರ್ಡ್‌ವಿಂಗ್‌ದು, ನಮ್ಮ ರಾಜ್ಯದ ಚಿಟ್ಟೆ ಅಮ್ಮಾ ಅಂದೆ. "ಯಾವ್ ರಾಜ್ಯದ್ದಾದ್ರೂ ಆಗ್ಲಿ, ಬಳ್ಳೀಲಿ ಒಂದೆಲೆ ಇಲ್ವಲ್ಲ" ಅಂದ್ರು. ಬೇರಿಂದ ಮತ್ತೆ ಚಿಗುರ್ತು ಬಿಡಿ, ಈಗ ಆ ಕಪ್ಪು-ಹಳದಿ ಚಿಟ್ಟೆ ಬಂದ್ರೆ ಮೊದ್ಲು ಕರೆಯೋದು ಅವ್ರೇ.

ದರಕಿನ, ಅಂದ್ರೆ ಉದುರಿದ ಒಣ ಎಲೆಯ, ಜಗಳ ಇನ್ನೂ ಇದೆ. ಅಪ್ಪಯ್ಯಂಗೆ ಅಂಗಳದಲ್ಲಿ ಒಂದೆಲೆ ಬಿದ್ರೂ ಆಗಲ್ಲ, ಹಾವಿನ ಹೆದರಿಕೆ ಬೇರೆ. ಸದ್ಯಕ್ಕೆ ತುಳಸಿಕಟ್ಟೆವರೆಗೆ ಅವರು ಗುಡಿಸ್ತಾರೆ, ಆಚೆಗೆ ಪೊರಕೆ ದಾಟಂಗಿಲ್ಲ.