ಕಾನೂನಿನ ಬಿಗಿಯಿಲ್ಲದ ದೇಶದಿಂದ ಬರುವ ಸ್ಪ್ಯಾಮ್: ದೂರನ್ನು ಎಲ್ಲಿಗೆ ಒಯ್ಯಬೇಕು?

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ವಿದೇಶಿ ಖರೀದಿದಾರರ ಹೆಸರಿನಲ್ಲಿ ಒಂದು ಇಮೇಲ್ ಬಂದಿದೆ ಎಂದಿಟ್ಟುಕೊಳ್ಳೋಣ. ಅದರಲ್ಲಿರುವ ಕೊಂಡಿಯನ್ನು ಒತ್ತಿದರೆ ಇಮೇಲ್ ಪಾಸ್‌ವರ್ಡ್ ಕೇಳುವ ನಕಲಿ ಪುಟ ತೆರೆದುಕೊಳ್ಳುತ್ತದೆ, ಆ ಪುಟವಿರುವ ಸರ್ವರ್ ದೂರುಗಳಿಗೆ ಯಾರೂ ಕಿವಿಗೊಡದ ದೇಶದಲ್ಲಿದೆ. ಅಂಥ ಸರ್ವರ್‌ನ ಮಾಲೀಕರಿಗೇ ಬರೆಯುವುದು ವ್ಯರ್ಥ ಮಾತ್ರವಲ್ಲ, ಅಪಾಯಕಾರಿಯೂ ಹೌದು. ಅಂಥ ಮಾಲೀಕರಲ್ಲಿ ಕೆಲವರು ದೂರನ್ನು ದೂರುದಾರರ ವಿಳಾಸದ ಸಮೇತ ಸ್ಪ್ಯಾಮ್ ಕಳಿಸಿದವನಿಗೇ ದಾಟಿಸುತ್ತಾರೆ. ಇಂಥ ಪತ್ರದ 'ಅನ್‌ಸಬ್‌ಸ್ಕ್ರೈಬ್' ಕೊಂಡಿಯನ್ನೂ ಮುಟ್ಟಬಾರದು, ಏಕೆಂದರೆ ನಿಮ್ಮ ವಿಳಾಸ ಬಳಕೆಯಲ್ಲಿದೆ ಎಂಬುದನ್ನು ಅದು ಖಚಿತಪಡಿಸುತ್ತದೆ.

ಮೊದಲು ಪತ್ರದ ಹೆಡರ್, ಅಂದರೆ ಅದು ಎಲ್ಲೆಲ್ಲಿ ಹಾದುಬಂತೆಂಬ ತಾಂತ್ರಿಕ ವಿವರ, ಓದಬೇಕು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಪತ್ರದ ಬಲಬದಿಯ ಮೂರು ಚುಕ್ಕೆಗಳನ್ನು ಒತ್ತಿ 'ಶೋ ಒರಿಜಿನಲ್' ಆರಿಸಿದರೆ ಅದು ಕಾಣುತ್ತದೆ. 'ಫ್ರಮ್' ಎದುರಿನ ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದಾದ್ದರಿಂದ ಅದಕ್ಕೆ ಬೆಲೆ ಕೊಡಬೇಡಿ. ನೋಡಬೇಕಾದದ್ದು 'ರಿಸೀವ್ಡ್' ಎಂದು ಆರಂಭವಾಗುವ ಸಾಲುಗಳನ್ನು. ಪತ್ರ ಹಾದುಬಂದ ಪ್ರತಿ ಸರ್ವರ್ ತನ್ನ ಸಾಲನ್ನು ಮೇಲ್ಗಡೆ ಸೇರಿಸುತ್ತ ಹೋಗುವುದರಿಂದ ಕೆಳಗಿನ ಸಾಲುಗಳು ಕೃತಕವಾಗಿರಬಹುದು. ನಿಮ್ಮದೇ ಮೇಲ್ ಸೇವೆ ಸೇರಿಸಿದ ಮೇಲಿನ ಸಾಲುಗಳಲ್ಲಿ, ಪತ್ರವನ್ನು ಅದಕ್ಕೆ ಒಪ್ಪಿಸಿದ ಯಂತ್ರದ್ದೆಂದು ದಾಖಲಾದ ಐಪಿ ವಿಳಾಸವನ್ನು (ಅಂತರ್ಜಾಲದಲ್ಲಿ ಆ ಯಂತ್ರವನ್ನು ಗುರುತಿಸುವ ಸಂಖ್ಯೆ) ಮಾತ್ರ ನಂಬಬಹುದು.

ಪುಟವಿರುವ ದೇಶ ಒಂದಾದರೆ ಪತ್ರ ಹೊರಟ ಯಂತ್ರ ಬೇರೆ ದೇಶದ್ದಾಗಿರುವುದು ಅಪರೂಪವಲ್ಲ, ಮತ್ತು ಡೊಮೇನ್ ಹೆಸರನ್ನು, ಅಂದರೆ ಜಾಲತಾಣದ ಹೆಸರನ್ನು, ಮಾರಿದವರು (ರಿಜಿಸ್ಟ್ರಾರ್) ಮೂರನೆಯವರಾಗಿರುತ್ತಾರೆ. ಐಪಿ ವಿಳಾಸ, ಡೊಮೇನ್‌ಗಳು ಯಾರ ಹೆಸರಿನಲ್ಲಿವೆ ಎಂದು ತಿಳಿಸುವ ಹೂಈಸ್ ಎಂಬ ಸಾರ್ವಜನಿಕ ದಾಖಲೆಯಲ್ಲಿ ಐಪಿ ವಿಳಾಸವನ್ನೂ ಡೊಮೇನನ್ನೂ ಬೇರೆ ಬೇರೆಯಾಗಿ ಹುಡುಕಿದರೆ ಸಾಮಾನ್ಯವಾಗಿ ಎರಡಕ್ಕೂ 'ಅಬ್ಯೂಸ್' (ದುರ್ಬಳಕೆ) ದೂರಿನ ವಿಳಾಸ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಫಲ ಕೊಡುವುದು ಡೊಮೇನ್ ರಿಜಿಸ್ಟ್ರಾರ್‌ಗೆ ಕೊಟ್ಟ ದೂರು: 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ, ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯು ರಿಜಿಸ್ಟ್ರಾರ್‌ಗಳೊಂದಿಗೆ ಮಾಡಿಕೊಂಡ ಒಪ್ಪಂದದ ತಿದ್ದುಪಡಿಯಂತೆ, ಫಿಶಿಂಗ್‌ಗೆ (ನಕಲಿ ಪುಟದ ಮೂಲಕ ಪಾಸ್‌ವರ್ಡ್ ಕದಿಯುವುದಕ್ಕೆ) ಸಾಕ್ಷ್ಯ ಒದಗಿಸಿದರೆ ರಿಜಿಸ್ಟ್ರಾರ್ ಕ್ರಮ ಕೈಗೊಳ್ಳಲೇಬೇಕು, ಸರ್ವರ್ ಯಾವ ದೇಶದಲ್ಲಿದ್ದರೂ ಸರಿ. (ಡಾಟ್ ಕಾಮ್‌ನಂಥ ಹೆಸರುಗಳಿಗೆ ಇದು ಅನ್ವಯ, ದೇಶಗಳ ಎರಡಕ್ಷರದ ಡೊಮೇನ್‌ಗಳಿಗಲ್ಲ.) ಇನ್ನೊಂದು ದಾರಿ, ಆ ಸರ್ವರ್‌ಗೆ ಸಂಪರ್ಕ ಒದಗಿಸುವ ಮೇಲಿನ ಜಾಲ. 2008ರ ನವೆಂಬರ್‌ನಲ್ಲಿ ಮೆಕೋಲೋ ಎಂಬ ಹೋಸ್ಟಿಂಗ್ ಕಂಪನಿಯ ಸಂಪರ್ಕವನ್ನು ಅಂಥ ಜಾಲಗಳು ಕಡಿದಾಗ ಜಗತ್ತಿನ ಸ್ಪ್ಯಾಮ್ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಆ ಕಂಪನಿ ಇದ್ದದ್ದು ಕ್ಯಾಲಿಫೋರ್ನಿಯಾದಲ್ಲಿ ಎಂಬುದು ಬೇರೆ ಮಾತು.

ಸ್ವಂತ ಮೇಲ್ ಸರ್ವರ್ ನಡೆಸುವ ಹುಬ್ಬಳ್ಳಿಯ ಸಂಸ್ಥೆಗಳು ಸ್ಪ್ಯಾಮ್ ತಡೆಗೆ ದುಡಿಯುವ ಸ್ಪ್ಯಾಮ್‌ಹೌಸ್ ಸಂಸ್ಥೆಯ 'ಜೆನ್' ಎಂಬ, ಸ್ಪ್ಯಾಮ್ ಕಳಿಸುವ ಐಪಿ ವಿಳಾಸಗಳ ಪಟ್ಟಿಯನ್ನು ಬಳಸಬಹುದು. ಆದರೆ ಗೂಗಲ್‌ನ 8.8.8.8ರಂಥ ಸಾರ್ವಜನಿಕ ಡಿಎನ್‌ಎಸ್ (ಹೆಸರಿಗೆ ತಕ್ಕ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಮೂಲಕ ಕೇಳಿದರೆ ಅದು ದೋಷಸಂಕೇತವನ್ನಷ್ಟೇ ಮರಳಿಸುತ್ತದೆ, ಅದನ್ನು 'ಪಟ್ಟಿಯಲ್ಲಿದೆ' ಎಂದು ತಪ್ಪಾಗಿ ತಿಳಿಯುವ ಸರ್ವರ್ ಒಳ್ಳೆಯ ಪತ್ರಗಳನ್ನೂ ತಿರಸ್ಕರಿಸುತ್ತದೆ. ಇಡೀ ದೇಶವನ್ನೇ ತಡೆಯುವುದು ರಫ್ತು ವ್ಯಾಪಾರಿಗೆ ತಕ್ಕುದಲ್ಲ, ನಿಜವಾದ ಆರ್ಡರ್ ಕೂಡ ಅಲ್ಲಿಂದಲೇ ಬರಬಹುದು.

ಭಾರತದಲ್ಲಿ ಕೇವಲ ಸ್ಪ್ಯಾಮ್ ಕಳಿಸುವುದಕ್ಕೆ ಪ್ರತ್ಯೇಕ ಕಾನೂನಿಲ್ಲ. ವಂಚನೆ ನಡೆದಿದ್ದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಅನ್ವಯಿಸಬಹುದು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬಳಿಕ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ಸ್ಕ್ರೀನ್‌ಶಾಟ್‌ನಲ್ಲಿ ಹೆಡರ್ ಇರುವುದಿಲ್ಲವಾದ್ದರಿಂದ ಮೂಲ ಪತ್ರವನ್ನು ಅಳಿಸದೆ, 'ಡೌನ್‌ಲೋಡ್ ಒರಿಜಿನಲ್' ಮೂಲಕ ಇಳಿಸಿಕೊಂಡ ಕಡತವನ್ನೇ ದೂರಿನೊಂದಿಗೆ ಕೊಡಿ.