ಕಂಪನಿ ಎಸ್ಟಿಮೇಟ್ ಹಿಡ್ಕೊಂಡು ಗ್ಯಾರೇಜಿಗೆ

ನನ್ನದು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಬೆಂಗಳೂರಲ್ಲೇ ಓಡುವ ಗಾಡಿ, ಹಬ್ಬಕ್ಕೆ ಊರಿಗೆ ಹೋಗಿ ಬರುವುದು ಬಿಟ್ಟರೆ ಹೈವೇ ಕಾಣುವುದು ಕಡಿಮೆ. ವಾರಂಟಿ ಇರುವವರೆಗೂ ಕಂಪನಿ ಸರ್ವೀಸ್ ಸೆಂಟರ್‌ಗೇ ಹೋದೆ. ಮುಗಿದ ಮೇಲೆ ಯಾವ ಕೆಲಸ ಎಲ್ಲಿ ಮಾಡಿಸೋದು ಅಂತ ಒಂದೊಂದನ್ನೂ ಬೇರೆಬೇರೆಯಾಗಿ ನೋಡೋಕೆ ಶುರು ಮಾಡಿದೆ. ರಿಪೇರಿ ಖರ್ಚು ಅರ್ಧಕ್ಕಿಂತ ಕೆಳಗೆ ಬಂದಿದೆ, ಗಾಡಿ ಇವತ್ತಿಗೂ ಗಟ್ಟಿಯಾಗಿದೆ.

ಕಂಪನಿಯಲ್ಲಿ ಲೇಬರ್ ಜಾಸ್ತಿ, ಅದಕ್ಕೇ ಬಿಲ್ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಹಳೇ ಬಿಲ್‌ಗಳನ್ನೆಲ್ಲ ಹರಡಿಕೊಂಡು ನೋಡಿದರೆ ಲೇಬರ್‌ನಿಂದ ಬಂದ ವ್ಯತ್ಯಾಸ ಸ್ವಲ್ಪವೇ. ದೊಡ್ಡ ದುಡ್ಡು ಹೋಗುವುದು ‘ಅಸೆಂಬ್ಲಿ’ ಅನ್ನುವ ಸಾಲಿಗೆ. ಒಳಗಡೆ ಒಂದು ಸಣ್ಣ ಭಾಗ ಸವೆದಿದ್ದರೂ ಅಲ್ಲಿ ಇಡೀ ಸೆಟ್ ಬದಲಾಯಿಸುತ್ತಾರೆ. ಅವರಿಗೂ ಕಾರಣ ಇದೆ: ಬಿಚ್ಚಿ ಒಳಗಿನದ್ದು ರಿಪೇರಿ ಮಾಡುತ್ತಾ ಕೂತರೆ ಟೈಮ್ ಹೋಗುತ್ತದೆ, ನಾಳೆ ಮತ್ತೆ ಕೆಟ್ಟರೆ ಜವಾಬ್ದಾರಿ ಅವರದೇ. ಆದರೆ ಆ ನಿಶ್ಚಿಂತೆಗೆ ದುಡ್ಡು ಕೊಡುವವರು ನಾವು.

ಗಾಡಿ ಮುಂಭಾಗದ ಸಸ್ಪೆನ್ಷನ್ ವಿಷಯ ಹೇಳುತ್ತೇನೆ, ಅದರಲ್ಲಿ ಇದು ಸರಿಯಾಗಿ ಗೊತ್ತಾಗುತ್ತದೆ. ಹಂಪ್ ಇಳಿಯುವಾಗ ಎಡಗಡೆಯಿಂದ ಟಕ್ ಟಕ್ ಅಂತ ಶಬ್ದ. ಕಂಪನಿಯಲ್ಲಿ ನೋಡಿ ಎರಡೂ ಕಡೆ ಲೋವರ್ ಆರ್ಮ್ (ಚಕ್ರವನ್ನು ಗಾಡಿಗೆ ಹಿಡಿದಿಡುವ ಕಬ್ಬಿಣದ ತೋಳು) ಅಸೆಂಬ್ಲಿ, ಲಿಂಕ್ ರಾಡ್, ಅಲೈನ್‌ಮೆಂಟ್ ಸೇರಿಸಿ ಹತ್ತು ಸಾವಿರದ ಹತ್ತಿರ ಎಸ್ಟಿಮೇಟ್ ಕೊಟ್ಟರು. ಆ ಹಾಳೆ ತಗೊಂಡು ನಮ್ಮ ಏರಿಯಾದ ಗ್ಯಾರೇಜಿಗೆ ಹೋದೆ. ಅಲ್ಲಿನ ಮೇಸ್ತ್ರಿ ಗಾಡಿ ಎತ್ತಿ, ಚಕ್ರ ಬಿಚ್ಚಿ, ಆರ್ಮ್ ಕೆಳಗೆ ಉದ್ದದ ಕಬ್ಬಿಣದ ರಾಡ್ ಕೊಟ್ಟು ಮೀಟಿದರು. ಆರ್ಮ್ ತುದಿಯ ಬಾಲ್ ಜಾಯಿಂಟ್ ಅಲ್ಲಾಡಲೇ ಇಲ್ಲ. ಆರ್ಮ್‌ನ ಹಿಂಬದಿಯ ರಬ್ಬರ್ ಬುಷ್ ಹತ್ತಿರ ರಾಡ್ ಇಟ್ಟಾಗ ಮಾತ್ರ ರಬ್ಬರ್ ಬಾಯಿ ಬಿಟ್ಟಿದ್ದು ಕಣ್ಣಿಗೇ ಕಾಣಿಸಿತು. “ಬಾಲ್ ಜಾಯಿಂಟ್ ಹೋಗಿದ್ರೆ ಆರ್ಮ್ ಪೂರ್ತಿ ಹಾಕ್ಲೇಬೇಕಿತ್ತು ಸರ್, ಇದ್ರಲ್ಲಿ ಅದು ಬೇರೆ ಬರಲ್ಲ. ನಿಮ್ದು ಬುಷ್ ಅಷ್ಟೇ” ಅಂದರು. ಆರ್ಮ್ ಇಳಿಸಿ, ಪ್ರೆಸ್‌ನಲ್ಲಿ ಹಳೇ ಬುಷ್ ಒತ್ತಿ ತೆಗೆದು ಹೊಸದು ಕೂರಿಸಿದರು. ಕೊನೆಯಲ್ಲಿ ಬೋಲ್ಟ್ ಬಿಗಿ ಮಾಡಿದ್ದು ಗಾಡಿ ಕೆಳಗಿಳಿಸಿ, ಭಾರ ಚಕ್ರದ ಮೇಲೆ ಬಿದ್ದ ಮೇಲೆ. ಮೇಲೆ ನೇತಾಡುತ್ತಿರುವಾಗಲೇ ಬಿಗಿ ಮಾಡಿದರೆ ಬುಷ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಇಷ್ಟು ತಿಳಿದವರ ಕೈಗೆ ಗಾಡಿ ಕೊಡೋಕೆ ನನಗೆ ಯೋಚನೆಯೇ ಇಲ್ಲ. ಲಿಂಕ್ ರಾಡ್, ಅಲೈನ್‌ಮೆಂಟ್ ಎಲ್ಲ ಸೇರಿ ಮೂರೂವರೆ ಸಾವಿರ ಆಯಿತು.

ಗಾಡಿ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನದೂ ಇದೇ ಕಥೆ. ಬ್ಯಾಟರಿ ಲೈಟ್ ಹತ್ತಿತು. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಮಲ್ಟಿಮೀಟರ್ ಇಟ್ಟರೆ ಸುಮಾರು 14 ವೋಲ್ಟ್ ಬರಬೇಕು, ನನ್ನದರಲ್ಲಿ 12ರ ಮೇಲೆ ಏಳಲಿಲ್ಲ. ಕಂಪನಿಯಲ್ಲಿ ಹೊಸ ಆಲ್ಟರ್ನೇಟರ್ ಅಂದರು, ಹದಿಮೂರು ಸಾವಿರ. ಆಟೋ ಎಲೆಕ್ಟ್ರಿಷಿಯನ್ ಬಿಚ್ಚಿದರೆ ಕಾರ್ಬನ್ ಬ್ರಷ್ ಸವೆದು ಚೂರಾಗಿತ್ತು. ಬ್ರಷ್, ಬೇರಿಂಗ್ ಹಾಕಿ ಎರಡು ಸಾವಿರದೊಳಗೆ ಮುಗಿಸಿದರು. ಇವತ್ತಿಗೂ 14 ತೋರಿಸುತ್ತಿದೆ.

ಹಾಗಂತ ಕಂಪನಿಗೆ ಹೋಗುವುದೇ ಬಿಟ್ಟಿಲ್ಲ. ಅಲ್ಲಿ ಚೆಕಪ್ ಮಾಡಿಸಿ ಎಸ್ಟಿಮೇಟ್ ಬರೆಸಿಕೊಳ್ಳುತ್ತೇನೆ, ಅದಕ್ಕೆ ಆಗುವ ಸಣ್ಣ ಚಾರ್ಜ್ ಕೊಡುತ್ತೇನೆ. ಆ ಹಾಳೆಯಲ್ಲಿ ಪಾರ್ಟ್ ನಂಬರ್ ಇರುತ್ತದೆ, ಅದೇ ನನಗೆ ಬೇಕಾಗಿರುವುದು. ಆ ನಂಬರ್ ಹಿಡಿದು ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದರೆ ಕಂಪನಿ ಡಬ್ಬದಲ್ಲಿರುವ ಅದೇ ಒರಿಜಿನಲ್ ಪಾರ್ಟ್ ಎಂಆರ್‌ಪಿಗಿಂತ ಸ್ವಲ್ಪ ಕಡಿಮೆಗೆ ಸಿಗುತ್ತದೆ. ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್, ಫಿಲ್ಟರ್ ಥರದವುಗಳಲ್ಲಿ ಬಾಷ್, ರಾಣೆ, ಗೇಬ್ರಿಯಲ್ ಹೀಗೆ ಕಾರ್ ಕಂಪನಿಗಳಿಗೇ ಮಾಲು ಕೊಡುವವರ ಡಬ್ಬವೂ ಸಿಗುತ್ತದೆ, ಇನ್ನೂ ಅಗ್ಗ. ಡೂಪ್ಲಿಕೇಟ್ ಕಾಟವೂ ಅಲ್ಲೇ ಇದೆ. ಬ್ರೇಕ್ ಮತ್ತು ಆಯಿಲ್ ಫಿಲ್ಟರ್ ವಿಷಯದಲ್ಲಿ ನಾನು ಅಧಿಕೃತ ಡೀಲರ್ ಅಂಗಡಿ ಬಿಟ್ಟು ಬೇರೆ ಕಡೆ ತಗೊಳ್ಳುವುದಿಲ್ಲ, ನೂರಿನ್ನೂರು ಉಳಿಸೋಕೆ ಬ್ರೇಕ್ ಜೊತೆ ಆಟ ಆಡಬಾರದು.

ಬಿಲ್ ಕೂಡ ಬಿಡುವುದಿಲ್ಲ. “ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ ಅಣ್ಣ” ಅನ್ನುತ್ತಾರೆ, ನಾನು ಬಿಲ್ ಬೇಕು ಅಂತಲೇ ಹೇಳುತ್ತೇನೆ. ಪಾರ್ಟ್ ಕೈಕೊಟ್ಟರೆ ವಾಪಸ್ ಕೊಡೋಕೆ ಅದೊಂದೇ ದಾರಿ ಅಲ್ವಾ? ಈಗ ತೆರಿಗೆಯೂ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳಿಗೆಲ್ಲ ಒಂದೇ 18% ಜಿಎಸ್‌ಟಿ. ಮೊದಲು ಹಲವು ಪಾರ್ಟ್‌ಗಳಿಗೆ 28% ಇತ್ತು.

ಕಂಪನಿಯಲ್ಲಿ ಪೀರಿಯಾಡಿಕ್ ಸರ್ವೀಸ್ ಮಾಡಿಸುವವರು ಒಂದು ಕೆಲಸ ಖಂಡಿತ ಮಾಡಿ. ಜಾಬ್ ಕಾರ್ಡ್‌ಗೆ, ಅಂದರೆ ಅವರು ಮಾಡುವ ಕೆಲಸಗಳ ಪಟ್ಟಿಗೆ, ಸೈನ್ ಹಾಕುವ ಮೊದಲು ಪೂರ್ತಿ ಓದಿ. ಇಂಜಿನ್ ಡೀಕಾರ್ಬನೈಸಿಂಗ್, ಎಸಿ ಡಿಸ್‌ಇನ್‌ಫೆಕ್ಟೆಂಟ್, ಅಂಡರ್‌ಬಾಡಿ ಕೋಟಿಂಗ್, ಇಂಜಿನ್ ಡ್ರೆಸ್ಸಿಂಗ್ ಅಂತ ಒಂದರ ಕೆಳಗೆ ಒಂದು ಸೇರಿರುತ್ತವೆ. ನಾನು ಗ್ಲೋವ್ ಬಾಕ್ಸ್‌ನಿಂದ ಓನರ್ಸ್ ಮ್ಯಾನುಯಲ್ ತೆಗೆದು ಸರ್ವೀಸ್ ಪಟ್ಟಿಯ ಪುಟ ತೋರಿಸಿ, “ಇದರಲ್ಲಿ ಇದೆಯಾ?” ಅಂತ ಕೇಳುತ್ತೇನೆ. ಇಲ್ಲದಿದ್ದರೆ ಪೆನ್ನಲ್ಲಿ ಹೊಡೆದು ಹಾಕಿ ಆಮೇಲೆ ಸೈನ್ ಮಾಡುತ್ತೇನೆ. ಬ್ರೇಕ್ ಆಯಿಲ್ ಬದಲಾಯಿಸುವ ಸಾಲನ್ನು ಮಾತ್ರ ಹೊಡೆದು ಹಾಕಬೇಡಿ. ಅದು ತೇವ ಹೀರಿಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸೋದು ಒಳ್ಳೆಯದು.

“ಹೊರಗಡೆ ಮುಟ್ಟಿಸಿದ್ರೆ ವಾರಂಟಿ ಹೋಗುತ್ತೆ” ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರ್ ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಒರಿಜಿನಲ್ ಪಾರ್ಟ್, ದೋಷ ಪತ್ತೆ ಮಾಡುವ ಉಪಕರಣ ಇವೆಲ್ಲ ಹೊರಗಿನ ಗ್ಯಾರೇಜ್‌ಗಳಿಗೆ ಸಿಗದಂತೆ ತಡೆದಿದ್ದಾರೆ ಅನ್ನುವುದು ಅದರ ಕಾರಣ. ಹೊರಗಡೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದು ಅಂತ ಸಾರಾಸಗಟು ಷರತ್ತು ಹಾಕಬಾರದು ಅಂತಲೂ ಆ ಆದೇಶದಲ್ಲಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ಏನೇ ಇರಲಿ, ವಾರಂಟಿ ಇರುವಾಗ ಕೌಂಟರ್‌ನಲ್ಲಿ ನಿಂತು ವಾದ ಮಾಡುವ ತಾಳ್ಮೆ ನನಗಿಲ್ಲ. ಅದು ಮುಗಿಯುವವರೆಗೆ ಕಂಪನಿಯಲ್ಲೇ ಮಾಡಿಸಿ ಅಂತಲೇ ಹೇಳುತ್ತೇನೆ.

ಹಳೇ ಗಾಡಿಯಾದರೂ ಕೆಲವು ಕೆಲಸ ನಾನು ಹೊರಗೆ ಕೊಡುವುದಿಲ್ಲ. ಏರ್‌ಬ್ಯಾಗ್, ಎಬಿಎಸ್, ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಪ್ರೋಗ್ರಾಮಿಂಗ್, ಕೀ ಕೋಡಿಂಗ್ ಇವೆಲ್ಲ ಕಂಪನಿಯಲ್ಲೇ. ರೀಕಾಲ್ ಬಂದರೆ, ಅಂದರೆ ತಯಾರಿಕೆಯ ದೋಷಕ್ಕೆ ಕಂಪನಿಯೇ ಗಾಡಿ ವಾಪಸ್ ಕರೆಸಿದರೆ, ಅವರೇ ಪುಕ್ಕಟೆ ಮಾಡಿಕೊಡುತ್ತಾರೆ. ಆಕ್ಸಿಡೆಂಟ್ ಆದರೂ ಅಲ್ಲೇ, ಇನ್ಶೂರೆನ್ಸ್ ಕ್ಯಾಶ್‌ಲೆಸ್ ಸುಲಭವಾಗಿ ಆಗುತ್ತದೆ. ಆದರೆ ಜೀರೋ ಡೆಪ್ (ಸವಕಳಿ ಕಳೆಯದೆ ದುಡ್ಡು ಕೊಡುವ ಸೌಲಭ್ಯ) ಇಲ್ಲದ ಪಾಲಿಸಿಯಲ್ಲಿ ಬಂಪರ್ ಥರದ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ದುಡ್ಡು ನಮ್ಮದೇ. ಕಂಪನಿ ದರದಲ್ಲಿ ಆ ಅರ್ಧವೇ ದೊಡ್ಡದಾಗುತ್ತದೆ, ಮೊದಲೇ ಕೇಳಿಕೊಳ್ಳಿ.

ಗ್ಯಾರೇಜ್ ಹುಡುಕುವಾಗ ನಾನು ಬೋರ್ಡ್ ನೋಡಲಿಲ್ಲ. ಸಣ್ಣ ಕೆಲಸ ಕೊಟ್ಟು ನೋಡಿದೆ. ಬಿಚ್ಚಿದ ಹಳೇ ಪಾರ್ಟನ್ನು ಹೊಸದರ ಡಬ್ಬಕ್ಕೆ ಹಾಕಿ ಡಿಕ್ಕಿಯಲ್ಲಿ ಇಟ್ಟುಕೊಡುತ್ತಾರಾ, ಎಸ್ಟಿಮೇಟ್ ದಾಟುವ ಮೊದಲು ಫೋನ್ ಮಾಡುತ್ತಾರಾ, ತಮ್ಮಿಂದ ಆಗದ ಕೆಲಸವನ್ನು ಆಗಲ್ಲ ಅನ್ನುತ್ತಾರಾ, ಇಷ್ಟೇ. ನಮ್ಮ ಮೇಸ್ತ್ರಿ ಒಮ್ಮೆ ಸ್ಟೇರಿಂಗ್ ಲೈಟ್ ಬಂದಾಗ ಸ್ಕ್ಯಾನರ್ ಹಾಕಿ ನೋಡಿ, “ಇದು ಶೋರೂಮಿಗೇ ತಗೊಂಡೋಗಿ ಸರ್” ಅಂತ ಒಂದು ರೂಪಾಯಿಯೂ ತಗೊಳ್ಳದೆ ಕಳಿಸಿದರು. ಅವತ್ತಿನಿಂದ ನಾನು ಬೇರೆ ಗ್ಯಾರೇಜ್ ಹುಡುಕಿಲ್ಲ.

ಈಗ ಕ್ಲಚ್ ಸರದಿ. ಪೆಡಲ್ ಗಟ್ಟಿಯಾಗಿದೆ, ಏರು ಹತ್ತುವಾಗ ಇಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ. ಕಂಪನಿ ಎಸ್ಟಿಮೇಟ್ ಬಂದಾಗಿದೆ, ಪಾರ್ಟ್ ನಂಬರ್ ಬರೆದುಕೊಂಡಿದ್ದೇನೆ. ಗೇರ್‌ಬಾಕ್ಸ್ ಇಳಿಸಿದ ಮೇಲೆ ಫ್ಲೈವೀಲ್ (ಕ್ಲಚ್ ಒತ್ತಿಕೊಳ್ಳುವ ಇಂಜಿನ್ ಚಕ್ರ) ನೋಡಿಯೇ ಮುಂದಿನ ಮಾತು ಅಂತ ಮೇಸ್ತ್ರಿ ಹೇಳಿದ್ದಾರೆ, ಶನಿವಾರ ಗಾಡಿ ಬಿಡಬೇಕು.