ಬಿಚ್ಚಿ ಒಯ್ಯುವ ಇಂಜಿನ್ ಕ್ರೇನ್: ಆರಿಸಿದ್ದು, ಕಟ್ಟಿಸಿದ್ದು, ಬಳಸುತ್ತಿರುವುದು

ಗಾಡಿಯ ಇಂಜಿನ್ ಎತ್ತಿ ಹೊರತೆಗೆಯುವ ಇಂಜಿನ್ ಕ್ರೇನಿನ ತೋಳಿನ ಮೇಲೆ ‘2 ಟನ್’ ಎಂದು ಬರೆದಿರುತ್ತದೆ. ಅದು ತೋಳು ಪೂರ್ತಿ ಒಳಗೆ ಸರಿದಾಗಿನ ಮಾತು. ಸಾಮಾನ್ಯವಾಗಿ ತೋಳನ್ನು ಬೇಕಾದಷ್ಟು ಚಾಚಿ ಪಿನ್ ಹಾಕಲು ನಾಲ್ಕು ತೂತು ಇರುತ್ತವೆ: 2 ಟನ್, 1.5, 1, ಕೊನೆಗೆ ಅರ್ಧ ಟನ್. ಬೊಲೆರೊ ಮುಂದೆ ಕ್ರೇನ್ ನಿಲ್ಲಿಸಿ ನೋಡಿ. ಬಂಪರ್, ರೇಡಿಯೇಟರ್, ಅದರ ಅಡ್ಡಪಟ್ಟಿ ಎಲ್ಲ ದಾಟಿ ಹುಕ್ ಇಂಜಿನ್ ನಡುವಿಗೆ ಬರಬೇಕೆಂದರೆ ತೋಳನ್ನು ಮೂರನೆಯ ಇಲ್ಲವೇ ನಾಲ್ಕನೆಯ ತೂತಿಗೆ ಎಳೆಯಲೇಬೇಕು. ಹಾಗಾಗಿ ಕೊಳ್ಳುವಾಗ ನಾನು ನೋಡುವುದು ಕೊನೆಯ ತೂತಿನ ಅಂಕಿ ಒಂದನ್ನೇ. ಸಣ್ಣ ಪೆಟ್ರೋಲ್ ಕಾರಿನ ಇಂಜಿನ್ 100 ಕೆಜಿ ಒಳಗೆ. 2.5 ಲೀಟರ್ ಡೀಸೆಲ್ ಇಂಜಿನನ್ನು ಗೇರ್‌ಬಾಕ್ಸ್ ಸಮೇತ 300 ಕೆಜಿ ಎಂದು ಹಿಡಿಯುತ್ತೇನೆ. ಆರು ಸಿಲಿಂಡರಿನ ಲಾರಿ ಇಂಜಿನ್ ಅರ್ಧ ಟನ್ ಆಸುಪಾಸು; ಅದಕ್ಕೆ ಬಿಚ್ಚುವ ಕ್ರೇನ್ ಒಯ್ಯುವುದೇ ಬೇಡ.

ಎರಡನೆಯದು ಮಡಚುವ ಕ್ರೇನಿಗೂ ಬಿಚ್ಚುವ ಕ್ರೇನಿಗೂ ಇರುವ ಫರಕು. ಅಂಗಡಿಯಲ್ಲಿ ‘ಪೋರ್ಟೆಬಲ್’ ಎಂದು ಮಾರುವವು ಹೆಚ್ಚಿನವು ಮಡಚುವಂಥವು. ಕಾಲು ಮೇಲೆತ್ತಿ ಪಿನ್ ಹಾಕಿದರೆ ಗ್ಯಾರೇಜಿನ ಮೂಲೆಯಲ್ಲಿ ನಿಲ್ಲುತ್ತವೆ ನಿಜ, ಆದರೆ 75–90 ಕೆಜಿಯ ಒಂದೇ ಗಂಟು ಅದು. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನಲ್ಲಿ ಹೊಲದ ಬದುವಿನಲ್ಲೇ ಗಾಡಿ ಕೆಟ್ಟು ನಿಂತಿರುತ್ತದೆ. ಅಲ್ಲಿ ಆ ಕ್ರೇನನ್ನು ಪಿಕಪ್‌ನಿಂದ ಇಳಿಸಲು ಮೂರಾಳು ಬೇಕು, ಮತ್ತೆ ಏರಿಸಲು ನಾಲ್ಕಾಳು. ಅದಕ್ಕೇ ಒಟ್ಟು ತೂಕದ ಲೆಕ್ಕ ಬಿಟ್ಟು, ಎಲ್ಲಕ್ಕಿಂತ ಭಾರದ ಬಿಡಿ ತುಂಡು ಎಷ್ಟು ಎಂದು ಕೇಳಿದೆ. 20 ಕೆಜಿ ಮೀರಬಾರದು ಎಂದುಕೊಂಡೆ. ಅಂಥದು ಸಿಗದೆ, ಬೆಳಗಾವಿಯ ಉದ್ಯಮಬಾಗದಲ್ಲಿ ಪೈಪ್ ಕತ್ತರಿಸಿ ವೆಲ್ಡಿಂಗ್ ಮಾಡಿಸಿದೆ.

ಕಾಲು ಎರಡೂ 75×75×4 ಮಿ.ಮೀ. ಚೌಕ ಪೈಪ್, ಒಂದೂವರೆ ಮೀಟರ್ ಉದ್ದ. ಈ ಪೈಪ್ ಮೀಟರಿಗೆ ಸುಮಾರು 8.9 ಕೆಜಿ, ಗಾಲಿ ಸೇರಿ ಒಂದು ಕಾಲು 15–16 ಕೆಜಿ. ಕಂಬ 75×75×5, 1.4 ಮೀಟರ್, ಪ್ಲೇಟು, ಕಿವಿ ಸೇರಿ 20 ಕೆಜಿಗೆ ಬಂತು. ಹಿಂದಿನ ಅಡ್ಡ ತುಂಡು 18. ತೋಳಿನ ಹೊರಪೈಪ್ 75×75×5, ಒಳಪೈಪ್ 60×60×4. ಅವು ಬೇರೆ ಬೇರೆಯಾಗಿ ಹೊರಬರುತ್ತವೆ. ಜಾಕ್, ಕಂಬ ವಾಲದಂತೆ ಹಿಡಿಯುವ ಎರಡು ಓರೆಪಟ್ಟಿ ಬೇರೆ. ಎಲ್ಲ ಕೂಡಿಸಿದರೆ ನೂರು ಕೆಜಿ ದಾಟುತ್ತದೆ, ಅಂದರೆ ಮಡಚುವುದಕ್ಕಿಂತ ಹೆಚ್ಚೇ ಭಾರ. ಆದರೂ ಒಬ್ಬನೇ ಇಳಿಸಬಹುದು, ಅತಿ ಉದ್ದದ ತುಂಡು ಐದು ಅಡಿ, ಓಮ್ನಿಯಲ್ಲಿ ಹಿಂದಿನ ಸೀಟು ತೆಗೆದರೆ ಎಲ್ಲವೂ ಹಿಡಿಯುತ್ತದೆ.

ತೂಕ ಇಳಿಸುವ ಆಸೆಗೆ ತೋಳನ್ನು ಮಾತ್ರ ತೆಳ್ಳಗೆ ಮಾಡಿಸಬೇಡಿ. ತೋಳು ಬಾಗುವುದು ಜಾಕಿನ ಪಿನ್ ಇರುವಲ್ಲಿ. ನನ್ನದರಲ್ಲಿ ಕಂಬದಿಂದ ಆ ಪಿನ್ನಿಗೆ 0.4 ಮೀಟರ್, ಅಲ್ಲಿಂದ ಹುಕ್‌ವರೆಗೆ ಪೂರ್ತಿ ಚಾಚಿದಾಗ 1.1 ಮೀಟರ್. ಅಷ್ಟು ದೂರದಲ್ಲಿ 500 ಕೆಜಿ ತೂಗಿದರೆ 75×75×5 ಪೈಪಿನ ಮೇಲೆ ಸುಮಾರು 176 ಮೆಗಾಪಾಸ್ಕಲ್ ಒತ್ತಡ. ವೈಎಸ್‌ಟಿ 210 ದರ್ಜೆಯ ಪೈಪ್ 210ಕ್ಕೆ ಶಾಶ್ವತವಾಗಿ ಬಾಗಲು ಶುರು ಮಾಡುತ್ತದೆ. ಇಷ್ಟು ಸಣ್ಣ ಅಂತರ ಇಟ್ಟುಕೊಂಡು ಇಂಜಿನ್ ತೂಗುಹಾಕುವುದು ತರವಲ್ಲ. ಜಾಕ್ ಸಡಿಲಿಸುವಾಗ ಒಂದು ಜಗ್ಗು ಬಿದ್ದರೂ ಆ ಅಂತರ ಹೋಯಿತು. 300 ಕೆಜಿಗೆ ಅದೇ ಲೆಕ್ಕ 106 ಬರುತ್ತದೆ. ಆದ್ದರಿಂದ ಕೊನೆಯ ತೂತಿನ ಪಕ್ಕ ಬಣ್ಣದಲ್ಲಿ ‘300’ ಎಂದು ಬರೆಸಿದೆ. ಪೈಪ್ ಕೊಳ್ಳುವಾಗ ವೈಎಸ್‌ಟಿ 310 ಕೇಳಿ ತಗೊಳ್ಳಿ. ತೂಕ ಅದೇ, ಬಲ ಒಂದೂವರೆ ಪಟ್ಟು. ಹಾಗೆಂದು ಬರೆದ ಅಂಕಿಯನ್ನು ಏರಿಸಬೇಡಿ.

75×75×5ರ ಒಳಗಿನ ಅಗಲ 65 ಮಿ.ಮೀ. ಅದರೊಳಗೆ 60ರ ಪೈಪ್ ಸಲೀಸಾಗಿ ಹೋಗಬೇಕು, ಆದರೆ ಹೋಗುವುದಿಲ್ಲ: ಒಳಗೆ ವೆಲ್ಡಿಂಗಿನ ಗೆರೆ ಉಬ್ಬಿಕೊಂಡಿರುತ್ತದೆ. ಉದ್ದ ಫೈಲಿನಿಂದ ಉಜ್ಜಿ ತೆಗೆಯಬೇಕು. ಒಳಪೈಪ್ ಕನಿಷ್ಠ 30 ಸೆಂ.ಮೀ. ಒಳಗೇ ಉಳಿಯುವಂತೆ ಕೊನೆಯ ತೂತು ಹಾಕಿಸಿ. ಇನ್ನೊಂದು ಅಳತೆ ಇದಕ್ಕಿಂತ ಮುಖ್ಯ: ತೋಳು ಪೂರ್ತಿ ಚಾಚಿ ನೆಲಕ್ಕೆ ಸಮನಾಗಿ ನಿಂತಾಗಲೂ ಹುಕ್ಕಿನ ನೇರ ಕೆಳಗಿನ ಜಾಗ ಮುಂದಿನ ಗಾಲಿಗಿಂತ ಒಂದು ಗೇಣಾದರೂ ಒಳಗಿರಬೇಕು. ಗಾಲಿ ದಾಟಿ ಹೊರಹೋದರೆ ಕ್ರೇನ್ ಮುಗ್ಗರಿಸಬಹುದು. ಬಿಚ್ಚಿದಾಗ ಚಿಕ್ಕದಾಗಲಿ ಎಂದು ಕಾಲು ಕಡಿಸಿದ ಕ್ರೇನುಗಳಲ್ಲಿ ಈ ದೋಷ ಎದ್ದು ಕಾಣುತ್ತದೆ.

ಕೀಲುಗಳ ವಿಷಯಕ್ಕೆ ಬರೋಣ. ಬೋಲ್ಟೋ ಪಿನ್ನೋ? ದಿನಾ ಬಿಚ್ಚಿ ಜೋಡಿಸುವ ಕಡೆ ನೈಲಾಕ್ ನಟ್ ಬೇಡ, ಕೆಲವೇ ಸಲಕ್ಕೆ ಅದರ ನೈಲಾನ್ ಹಿಡಿತ ಹೋಗುತ್ತದೆ. ತೋಳಿನ ಬುಡ, ಜಾಕಿನ ಎರಡು ತುದಿ, ತೋಳಿನ ಜಾರುತೂತು, ಇವಕ್ಕೆಲ್ಲ ಟ್ರ್ಯಾಕ್ಟರಿನ ಟಾಪ್‌ಲಿಂಕ್ ಪಿನ್ ಹಾಕಿದೆ. ಕ್ಯಾಟಗರಿ 1ರ ಅಳತೆಯದು 19 ಮಿ.ಮೀ. ದಪ್ಪ, ತುದಿಗೆ ಪಿನ್ ಜಾರದಂತೆ ತಡೆಯುವ ಲಿಂಚ್‌ಪಿನ್. ವಿಜಯಪುರ, ಬಾಗಲಕೋಟೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುತ್ತದೆ. ಹೊಲದಲ್ಲಿ ಒಂದು ಕಳೆದುಹೋದರೆ ಪಕ್ಕದ ಟ್ರ್ಯಾಕ್ಟರಿನದೇ ಎರವಲು ಸಿಗಬಹುದು! ತೂತು ಡ್ರಿಲ್ ಮಾಡಿದ್ದೇ ಆಗಬೇಕು, 19.5 ಮಿ.ಮೀ. ಗ್ಯಾಸಿನಲ್ಲಿ ಸುಟ್ಟ ತೂತು ಬೇಗ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕಂಬ ಅಡ್ಡ ತುಂಡಿಗೆ ಕೂಡುವಲ್ಲಿ ಮಾತ್ರ ಪಿನ್ ಸಾಲದು. ಅಲ್ಲಿ ಅರ್ಧ ಮಿ.ಮೀ. ಸಡಿಲ ಇದ್ದರೂ ಮೇಲೆ ಕಂಬ ವಾಲುತ್ತದೆ. ತಲೆಯ ಮೇಲೆ 8.8 ಎಂಬ ಗುರುತಿರುವ ಎಂ16 ಬೋಲ್ಟ್ ನಾಲ್ಕು, ಸ್ಪ್ರಿಂಗ್ ವಾಷರ್, 24ರ ಪಾನಾ ಎರಡು. ಗುರುತಿಲ್ಲದ ಬೋಲ್ಟ್ ಎಷ್ಟು ದಪ್ಪ ಇದ್ದರೂ ಬೇಡ.

ಜಾಕಿನಲ್ಲಿ ಟನ್ನಿಗಿಂತ ಸ್ಟ್ರೋಕ್, ಅಂದರೆ ರಾಡ್ ಹೊರಬರುವ ಉದ್ದ, ಮುಖ್ಯ. 1.5 ಮೀಟರ್ ತೋಳಿಗೆ 0.4 ಮೀಟರಿನಲ್ಲಿ ಜಾಕ್ ಕೂತರೆ ಅದರ ಮೇಲೆ ಬೀಳುವ ಭಾರ ಹುಕ್ಕಿನ ಭಾರದ ಸುಮಾರು ನಾಲ್ಕು ಪಟ್ಟು. 300 ಕೆಜಿಗೆ 1.2 ಟನ್. ಮಾರುಕಟ್ಟೆಯ 8 ಟನ್ ಲಾಂಗ್ ರ‍್ಯಾಮ್ ಜಾಕಿಗೆ ಇದು ಏನೂ ಅಲ್ಲ. ಆದರೆ ಹುಕ್ ಒಂದು ಮೀಟರಿಗೂ ಮೇಲೆ ಓಡಾಡಬೇಕಾದರೆ ಸ್ಟ್ರೋಕ್ 35–40 ಸೆಂ.ಮೀ. ಬೇಕೇ ಬೇಕು. ಗಾಡಿಯಲ್ಲಿ ಮಲಗಿಸಿ ಒಯ್ದ ಜಾಕಿನ ಪಂಪಿಗೆ ಗಾಳಿ ಸೇರುತ್ತದೆ. ಹ್ಯಾಂಡಲ್ ಹೊಡೆದರೆ ಮೆತ್ತಗೆ ಆಡುತ್ತದೆ, ಏರುವುದಿಲ್ಲ. ನಿಲ್ಲಿಸಿ, ವಾಲ್ವ್ ತೆರೆದು, ಹತ್ತು ಹದಿನೈದು ಸಲ ಬೇಗ ಬೇಗ ಪಂಪ್ ಮಾಡಿ ಮುಚ್ಚಿದರೆ ಸರಿ. ಎಣ್ಣೆ ಕಡಿಮೆಯಾದರೆ ಹೈಡ್ರಾಲಿಕ್ ಎಣ್ಣೆ 32ನೇ ನಂಬರು. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಸುರಿದವರ ಜಾಕಿನ ಸೀಲ್ ಉಬ್ಬಿ ಹಾಳಾಗುತ್ತದೆ, ಆಮೇಲೆ ಇಂಜಿನ್ ತನ್ನಷ್ಟಕ್ಕೆ ಇಳಿಯತೊಡಗುತ್ತದೆ.

ಜೋಡಿಸುವ ಕ್ರಮ: ಅಡ್ಡ ತುಂಡಿಗೆ ಕಾಲು, ಆಮೇಲೆ ಕಂಬ, ಬೋಲ್ಟ್ ಕೈಯಲ್ಲೇ ತಿರುಗಿಸಿ ಬಿಡಬೇಕು. ಓರೆಪಟ್ಟಿ ಎರಡೂ ಕೂತ ಮೇಲೆಯೇ ಪೂರ್ತಿ ಬಿಗಿಸುವುದು, ಇಲ್ಲವೇ ಓರೆಪಟ್ಟಿಯ ತೂತು ಕೂಡುವುದಿಲ್ಲ. ಆಮೇಲೆ ತೋಳಿನ ಹೊರಪೈಪ್, ಜಾಕ್, ಕೊನೆಗೆ ಒಳಪೈಪ್. ಇಪ್ಪತ್ತು ನಿಮಿಷದ ಕೆಲಸ.

ಎರಿ ಭೂಮಿಯಲ್ಲಿ ಗಾಲಿ ಓಡುತ್ತದೆ ಎಂಬ ಭ್ರಮೆ ಬೇಡ. 300 ಕೆಜಿ ತೂಗಿದೊಡನೆ ಮೂರಿಂಚಿನ ಗಾಲಿ ಹೂತುಹೋಗುತ್ತದೆ. ದೊಡ್ಡ ಗಾಲಿ ಹಾಕಿದರೆ ಕಾಲು ಎತ್ತರವಾಗಿ ಗಾಡಿಯ ಕೆಳಗೆ ನುಸುಳುವುದಿಲ್ಲ. ಮೂರಿಂಚಿನ ಗಾಲಿಗೇ ಕಾಲಿನ ಮೇಲ್ಮೈ 17–18 ಸೆಂ.ಮೀ. ಆಗಿರುತ್ತದೆ. ನಾನು 18 ಮಿ.ಮೀ. ಪ್ಲೈವುಡ್ಡಿನ 2×4 ಅಡಿಯ ನಾಲ್ಕು ತುಂಡು ಒಯ್ಯುತ್ತೇನೆ. ಅದಕ್ಕಿಂತ ಒಳ್ಳೆಯ ಉಪಾಯ ಕ್ರೇನನ್ನು ಸರಿಸದಿರುವುದು: ಇಂಜಿನ್ ಅಡ್ಡಪಟ್ಟಿ ದಾಟುವಷ್ಟು ಎತ್ತಿ, ಗಾಡಿಯನ್ನು ಹಿಂದಕ್ಕೆ ತಳ್ಳಿ, ಇಂಜಿನನ್ನು ಇದ್ದಲ್ಲೇ ಹಲಗೆಗೆ ಇಳಿಸಿಬಿಡುವುದು.

ಎತ್ತುವಾಗ ಗಾಲಿಗೆ ಬ್ರೇಕ್ ಹಾಕುವವರೇ ಹೆಚ್ಚು. ಅದು ತಪ್ಪು. ತೋಳು ನೇರ ಮೇಲೆ ಏರುವುದಿಲ್ಲ, ಬಿಲ್ಲಿನಂತೆ ತಿರುಗುತ್ತದೆ. 30 ಡಿಗ್ರಿ ಕೆಳಗಿದ್ದ ಒಂದೂವರೆ ಮೀಟರ್ ತೋಳು ಸಮಮಟ್ಟಕ್ಕೆ ಬರುವಷ್ಟರಲ್ಲಿ ಹುಕ್ 20 ಸೆಂ.ಮೀ. ಮುಂದೆ ಹೋಗಿರುತ್ತದೆ, ಮತ್ತೆ ಮೇಲೇರಿದರೆ ಹಿಂದೆ ಬರುತ್ತದೆ. ಗಾಲಿ ಬಿಟ್ಟಿದ್ದರೆ ಕ್ರೇನ್ ತಾನೇ ಹೊಂದಿಕೊಳ್ಳುತ್ತದೆ, ಹಿಡಿದಿದ್ದರೆ ಇಂಜಿನ್ ಹೋಗಿ ಹಿಂದಿನ ಗೋಡೆಗೆ ಒತ್ತುತ್ತದೆ. ನೆಲ ಒರಟಾಗಿದ್ದರೆ ಒಬ್ಬ ಪಂಪ್ ಮಾಡಿ, ಇನ್ನೊಬ್ಬ ಕ್ರೇನನ್ನು ಹಿಂದೆ ಎಳೆಯುತ್ತ ಹೋಗಬೇಕು.

ಸರಪಳಿ 8 ಮಿ.ಮೀ., 80 ದರ್ಜೆ. ನೇರ ಎಳೆತಕ್ಕೆ 2 ಟನ್. ಎರಡು ಎಳೆಯ ನಡುವಿನ ಕೋನ 60 ಡಿಗ್ರಿ ಇದ್ದರೆ ಪ್ರತಿ ಎಳೆಗೆ ಭಾರದ ಶೇ. 58, 120 ಆದರೆ ಪೂರ್ತಿ ಭಾರ. ಸರಪಳಿ ತಡೆಯುತ್ತದೆ, ಆದರೆ ಅಡ್ಡ ಎಳೆತಕ್ಕೆ ಅಲ್ಯೂಮಿನಿಯಂ ಹೆಡ್ಡಿನ ಚೂಡಿ (ಥ್ರೆಡ್) ಕಿತ್ತು ಬರುತ್ತದೆ. ಬೋಲ್ಟ್ ತನ್ನ ದಪ್ಪದ ಒಂದೂವರೆ ಪಟ್ಟಾದರೂ ಒಳಗೆ ಇಳಿದಿರಲಿ.

ಟ್ರ್ಯಾಕ್ಟರಿನ ಕ್ಲಚ್ ಕೆಲಸಕ್ಕೆ ಮಾತ್ರ ಈ ಕ್ರೇನ್ ಇಳಿಸುವುದಿಲ್ಲ. ಟ್ರ್ಯಾಕ್ಟರಿಗೆ ಚಾಸಿಯೇ ಇಲ್ಲ, ಇಂಜಿನ್ನೇ ಅದರ ಬೆನ್ನೆಲುಬು. ಕ್ರೇನ್ ಪಕ್ಕದಿಂದ ನುಗ್ಗಬೇಕು, ಆದರೆ ಬೇರ್ಪಟ್ಟ ಭಾಗ ಮುಂದೆ ಸರಿಯಬೇಕು. ಕ್ರೇನಿನ ಮುಂದಿನ ಗಾಲಿ ದಿಕ್ಕು ಬದಲಿಸುವುದಿಲ್ಲ, ಅಡ್ಡ ಓಡುವುದಿಲ್ಲ. ಅಲ್ಲಿಗೆ ಬಿಚ್ಚುವ ಎ ಆಕಾರದ ಚೌಕಟ್ಟು, 1 ಟನ್ ಚೈನ್ ಪುಲ್ಲಿ ಸಾಕು. ಬಿಚ್ಚುವ ಮುನ್ನ ಮುಂದಿನ ಆಕ್ಸಲ್ ಎರಡೂ ಕಡೆ ಕಟ್ಟಿಗೆಯ ಬೆಣೆ ಬಡಿಯಲೇಬೇಕು, ಇಲ್ಲವೇ ನಡುವಿನ ಪಿನ್ನಿನ ಮೇಲೆ ಇಂಜಿನ್ ಪಕ್ಕಕ್ಕೆ ಮಗುಚುತ್ತದೆ. ಓಮ್ನಿಗೂ ಕ್ರೇನ್ ಬೇಡ. ಸೀಟಿನ ಕೆಳಗಿನ ಆ ಇಂಜಿನ್ ಕೆಳಗಿನಿಂದಲೇ ಇಳಿಯುತ್ತದೆ.

ಮರಳಿ ಏರಿಸುವಾಗ ಪಿನ್‌ಗಳನ್ನು ಅವವೇ ತೂತಿಗೆ ಹಾಕಿ ಲಿಂಚ್‌ಪಿನ್ ಸಿಗಿಸುತ್ತೇನೆ, ಡಬ್ಬಿಗೆ ತುಂಬುವುದಿಲ್ಲ. ಎಡ ಕಾಲಿಗೆ ಒಂದು ಚುಕ್ಕೆ, ಬಲ ಕಾಲಿಗೆ ಎರಡು ಚುಕ್ಕೆ ಪಂಚಿನಿಂದ ಹೊಡೆದಿದೆ. ತೂತುಗಳು ಹೊರಗೆ ಒಂದೇ ಥರ ಕಂಡರೂ ಅದಲುಬದಲಾದರೆ ಬೋಲ್ಟ್ ಕೂಡುವುದಿಲ್ಲ. ಜಾಕಿನ ರಾಡನ್ನು ಪೂರ್ತಿ ಒಳಗಿಳಿಸಿ, ಹಳೆಯ ಸೈಕಲ್ ಟ್ಯೂಬ್ ಸುತ್ತಿ, ಪಂಪಿನ ಕಡೆ ಕೆಳಗಾಗಿ ಪಿಕಪ್ಪಿನ ಮೂಲೆಗೆ ಕಟ್ಟಿ ನಿಲ್ಲಿಸುವುದು.